ಕೆಂಚಮ್ಮನಿಗೆ ಬಿಸಿಲು ಆಗದಿದ್ದ ಕಾರ್ತಿಕ

ಮೊನ್ನೆ ಮೋಟಾರಿನ ಬೇರಿಂಗ್ ಕೊಳ್ಳಲು ಹೊಸೂರಿಗೆ ಹೋದವನು ವಾಪಸ್ಸು ಬರುವಾಗ ಮೂಕಂಡಪಲ್ಲಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಮೊದಲ ಶಿಫ್ಟ್ ಬಿಟ್ಟಿತ್ತು. ಇಂಡಸ್ಟ್ರಿಯಲ್ ಎಸ್ಟೇಟಿನ ಕಡೆಯಿಂದ ಬಂದ ನಾಲ್ಕಾರು ಜನ ನನ್ನ ಪಕ್ಕದಲ್ಲೇ ನಿಂತು ಟೀ ಕುಡಿಯತೊಡಗಿದರು. ಸಣ್ಣಗೆ ಹನಿಯುತ್ತಿತ್ತು. ಅವರ ನೆಂದ ಷರಟುಗಳಿಂದ ಪ್ರೆಸ್ ಮೆಷಿನ್ನಿನ ಎಣ್ಣೆಯ ವಾಸನೆ ಬಂತು. ಎಷ್ಟು ಸೋಪು ಹಾಕಿ ಉಜ್ಜಿದರೂ ಹೋಗದ ವಾಸನೆ ಅದು. ನನ್ನ ಬಲಗೈ ತಾನಾಗಿ ಪ್ಯಾಂಟಿನ ಜೇಬಿನೊಳಕ್ಕೆ ಹೋಯಿತು. ಹಾಗೆ ಮಾಡುವುದನ್ನು ಬಿಟ್ಟು ವರ್ಷಗಳಾಗಿದ್ದವು. ಬಸ್ಸು ಬಂತು, ನಾನು ಹತ್ತಲಿಲ್ಲ. ಎಲ್ಲಿಗೆಂದು ಗೊತ್ತಿಲ್ಲದೆ ಸ್ವಲ್ಪ ದೂರ ನಡೆದೆ, ತಿರುಗಿ ಬಂದೆ, ಮತ್ತೆ ನಡೆದೆ. ಆ ವರ್ಷ ಇಡೀ ಮಳೆಗಾಲ ನಾನು ಇದೇ ರಸ್ತೆಯಲ್ಲಿ ಹೀಗೇ ಓಡಾಡಿದ್ದೆ.

ನಾನು ಮಾಲೂರು ಕಡೆಯವನು. ಐಟಿಐ ಮುಗಿಸಿ ಹೊಸೂರಿಗೆ ಬಂದು, ಮೋಟಾರ್ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ತಗಡು ಒತ್ತುವ ಪ್ರೆಸ್ಸಿನ ಆಪರೇಟರ್ ಆಗಿದ್ದೆ. ಕೆಲಮಂಗಲದ ಮಂಜುಳಳನ್ನು ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮೂಕಂಡಪಲ್ಲಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ವಾರಕ್ಕೊಮ್ಮೆ ಶಿಫ್ಟ್ ಬದಲಾಗುತ್ತಿದ್ದುದರಿಂದ ನಾನು ಮನೆಯಲ್ಲಿದ್ದಾಗ ಮಲಗಿರುತ್ತಿದ್ದೆ, ಎದ್ದಾಗ ಹೊರಡುವ ಅವಸರ. ಅವಳು ನನ್ನನ್ನು "ನೀವು" ಅನ್ನುತ್ತಿದ್ದಳು. ಊಟಕ್ಕೆ ಬನ್ನಿ, ನೀರು ಕಾದಿದೆ, ಬೀಗ ತಗೊಂಡು ಹೋಗಿ. ನಮ್ಮಿಬ್ಬರ ಮಾತು ಅಷ್ಟರಲ್ಲೇ ಮುಗಿಯುತ್ತಿತ್ತು.

ಆಯುಧಪೂಜೆ ಮುಗಿದ ಮುಂದಿನ ವಾರ ನನ್ನ ಕೈ ಪ್ರೆಸ್ಸಿಗೆ ಸಿಕ್ಕಿತು. ಪ್ರೆಸ್ಸಿನ ಮುಂದೆ ಸೇಫ್ಟಿ ಲೈಟ್ ಎನ್ನುವ, ಕಣ್ಣಿಗೆ ಕಾಣದ ಬೆಳಕಿನ ಪರದೆಯೊಂದಿರುತ್ತದೆ. ಕೈ ಅಡ್ಡ ಬಂದರೆ ಮೆಷಿನ್ ತಾನೇ ನಿಲ್ಲಬೇಕು. ಆದರೆ ಅದು ಪದೇ ಪದೇ ನಿಂತರೆ ಪೀಸು ಕಡಿಮೆ ಬೀಳುತ್ತವೆ ಎಂದು ಎಲ್ಲ ಶಿಫ್ಟಿನಲ್ಲೂ ಆ ಪರದೆಯನ್ನು ಆಫ್ ಮಾಡಿಯೇ ಓಡಿಸುತ್ತಿದ್ದೆವು. ಅದನ್ನು ಆಫ್ ಮಾಡುವ ಕೀ ಸೂಪರ್‌ವೈಸರ್ ಬಾಲು ಅವರ ಡ್ರಾಯರಿನಲ್ಲಿರುತ್ತಿತ್ತು. ಅವತ್ತು ಪೀಸೊಂದು ಓರೆಯಾಗಿ ಕೂತಿತ್ತು. ಸರಿಮಾಡಲು ಕೈ ಹಾಕಿದೆ. ನೋವಿಗಿಂತ ಮೊದಲು ಸದ್ದು ಬಂತು. ಪಕ್ಕದ ಪ್ರೆಸ್ಸಿನ ತಪನ್ ಓಡಿ ಬಂದು ಮೇನ್ ಸ್ವಿಚ್ ಬಂದ್ ಮಾಡಿ, ಕೈಯಲ್ಲೇ ಚಕ್ರ ತಿರುಗಿಸಿ ನನ್ನ ಕೈ ಮೇಲಿದ್ದ ಉಕ್ಕಿನ ಅಚ್ಚು ಎತ್ತಿದ. ಅವನು ಒಡಿಶಾದವನು, ಕಾಂಟ್ರಾಕ್ಟ್ ಕೆಲಸಗಾರ, ನನ್ನದೇ ವಯಸ್ಸು. ತನ್ನ ಟವೆಲ್ಲಿನಲ್ಲಿ ನನ್ನ ಕೈ ಸುತ್ತಿ, ಆಟೋದಲ್ಲಿ ನನ್ನ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡು ಆಸ್ಪತ್ರೆಗೆ ತಂದ. ತೋರುಬೆರಳು, ನಡುಬೆರಳು ಹೋದವು.

ಆಮೇಲೆ ಮನೆ. ಮನೆಯೆಂದರೆ ಗೋಡೆ, ಕಿಟಕಿ, ಕಿಟಕಿಯಾಚೆ ತಮಿಳರು ಐಪ್ಪಸಿ ಎನ್ನುವ ತಿಂಗಳ ಮಳೆ. ನಾನು ಕೂತರೆ ಎದ್ದು ನಿಲ್ಲಬೇಕೆನಿಸುತ್ತಿತ್ತು, ನಿಂತರೆ ಹೊರಗೆ ಹೋಗಬೇಕೆನಿಸುತ್ತಿತ್ತು. ಶಿಫ್ಟಿನ ಸೈರನ್ ಕೇಳಿಸಿದರೆ ಕಾಲು ತಾನೇ ಚಪ್ಪಲಿ ಹುಡುಕುತ್ತಿತ್ತು. ಎಸ್ಟೇಟಿನ ಗೇಟಿನ ತನಕ ನಡೆದುಹೋಗಿ, ಬೈಕುಗಳು ಒಳಗೆ ಹೋಗುವುದನ್ನು ನೋಡಿ, ಯಾರಾದರೂ ಮಾತಾಡಿಸುವ ಮುಂಚೆ ಹಿಂತಿರುಗುತ್ತಿದ್ದೆ. ಇಲ್ಲದ ಬೆರಳ ತುದಿ ತುರಿಸುತ್ತಿತ್ತು, ಅದನ್ನು ಕೆರೆಯುವುದು ಎಲ್ಲಿ? ಎಡಗೈಯಲ್ಲಿ ಉಣ್ಣಲು ಹೋಗಿ ಸಾರೆಲ್ಲ ಲುಂಗಿಯ ಮೇಲೆ. ಮಂಜುಳ ತುತ್ತು ಕಲೆಸಲು ಬಂದರೆ ತಟ್ಟೆ ಎಳೆದುಕೊಳ್ಳುತ್ತಿದ್ದೆ. ಬೀದಿಯ ಗಣೇಶನ ಗುಡಿಗೆ ಒಂದು ಸಂಜೆ ಹೋದಾಗ ತೀರ್ಥಕ್ಕೆ ಎಡಗೈ ಚಾಚಿದೆ. ಪೂಜಾರಿಯ ಚಮಚ ಗಾಳಿಯಲ್ಲಿ ಒಂದು ಕ್ಷಣ ನಿಂತು, ಮಂಜುಳಳ ಅಂಗೈಗೆ ಬಗ್ಗಿತು. ನಾನು ಹಿಂದೆ ಸರಿದು ಚಪ್ಪಲಿ ಹಾಕಿಕೊಂಡು ನಡೆದುಬಿಟ್ಟೆ. ಆಮೇಲೆ ಗುಡಿಗೆ ಹೋಗಲಿಲ್ಲ.

ನನ್ನ ಈ ಅವಸ್ಥೆ ನೋಡಿ ಗೆಳೆಯ ಅನ್ಬು ತನ್ನ ವಿಡಿಯೋ ಗೇಮ್ ಪೆಟ್ಟಿಗೆ ತಂದುಕೊಟ್ಟ. ಅವನು ಧರ್ಮಪುರಿಯವನು, ಮದುವೆಗೆ ಮೊದಲು ನನ್ನ ರೂಂಮೇಟ್ ಆಗಿದ್ದವನು. ಕಂಪನಿ ಅವನನ್ನು ಮೂರು ತಿಂಗಳ ಕೆಲಸಕ್ಕೆ ಪುಣೆಗೆ ಕಳಿಸುತ್ತಿತ್ತು.

"ಪೊಂಗಲ್‌ಗೆ ಬಂದು ಎತ್ತಿಕ್ಕೊಂಡು ಹೋಗ್ತೀನಿ," ಅಂದ, ಟಿವಿಗೆ ವೈರು ಸಿಕ್ಕಿಸುತ್ತ. "ಅದ್ವರೆಗೂ ಸುಮ್ಮನೆ ಗೋಡೆ ನೋಡಬ್ಯಾಡ ಡಾ. ಆಡು."

"ಯಾವ ಕೈಲಿ ಆಡ್ಲಿ?" ಅಂದೆ.

ಅವನು ನನ್ನ ಬ್ಯಾಂಡೇಜು ನೋಡಿದ, ಕೈಯಲ್ಲಿದ್ದ ಕಂಟ್ರೋಲರ್ ನೋಡಿದ, ಮುಖ ಸಣ್ಣದಾಯಿತು. ಟೀ ಕುಡಿದು ಹೋದ.

ಆ ಕಂಟ್ರೋಲರ್ ಎರಡು ಕೈಯಲ್ಲಿ ಹಿಡಿಯುವಂಥದ್ದು. ಎಡಗಡೆಯ ಕಡ್ಡಿ ನಡೆಸುತ್ತದೆ. ಬಲಗಡೆಯ ಕಡ್ಡಿ ನೋಟವನ್ನು ಮೇಲೆ ಕೆಳಗೆ, ಆಚೆ ಈಚೆ ತಿರುಗಿಸುತ್ತದೆ. ಕತ್ತಿ ಬೀಸುವುದು, ಬಾಗಿಲು ತೆಗೆಯುವುದು, ವಸ್ತು ಎತ್ತುವುದು ಎಲ್ಲ ಬಲಗಡೆಯ ಗುಂಡಿಗಳೇ. ಒಂದು ಮಧ್ಯಾಹ್ನ ಎಡಗೈಯಲ್ಲೇ ಹಿಡಿದು ಆಡಲು ಹೋಗಿ, ಅದು ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಂಡೆ, ಮತ್ತೆ ಬಿತ್ತು. ಗೋಡೆಗೆ ಎಸೆಯಲು ಕೈಯೆತ್ತಿದ್ದೆ. ಅವರೆಕಾಳು ಸುಲಿಯುತ್ತಿದ್ದ ಮಂಜುಳ ಎದ್ದು ಬಂದು ನನ್ನ ಬಲಮಗ್ಗುಲಲ್ಲಿ ಕೂತು ಕಂಟ್ರೋಲರಿನ ಬಲ ಅರ್ಧ ಹಿಡಿದುಕೊಂಡಳು.

"ನಡ್ಸಾದು ನೀವ್ ನಡ್ಸಿ. ಇದ್ಯಾವ್ದು ಒತ್ಬೇಕು ಹೇಳಿ," ಅಂದಳು.

ಹಾಗೆ ಶುರುವಾಯಿತು. ಹಿಮದ ಬೆಟ್ಟ, ಕಲ್ಲಿನ ಕೋಟೆ, ಮಂತ್ರವಾದಿಗಳು ಇರುವ ದೇಶವೊಂದರಲ್ಲಿ ನಮ್ಮದೊಂದು ಪಾತ್ರ ಮಾಡಿಕೊಂಡು ಬೇಕಾದ ಕಡೆ ಅಲೆಯುವ ಆಟ ಅದು. ಹೆಂಗಸಾಗಿರಲಿ ಎಂದು ಅವಳೇ ಆರಿಸಿದಳು. ಅಗಲ ಭುಜ, ಗಟ್ಟಿ ದವಡೆ. ಹೆಸರು ಕೇಳಿದಾಗ ತನ್ನ ಅಜ್ಜಿಯ ಹೆಸರನ್ನು ಒಂದೊಂದೇ ಇಂಗ್ಲಿಷ್ ಅಕ್ಷರ ಹುಡುಕಿ ಹಾಕಿದಳು. ಕೆಂಚಮ್ಮ.

ಮೊದಮೊದಲು ಕೆಂಚಮ್ಮ ಕುಡಿದವಳಂತೆ ನಡೆಯುತ್ತಿದ್ದಳು. ನಾನು ಮುಂದಕ್ಕೆ ನಡೆಸಿದರೆ ಮಂಜುಳ ಪಕ್ಕಕ್ಕೆ ನೋಡುತ್ತಿದ್ದಳು, ಕೆಂಚಮ್ಮ ಹೋಗಿ ಮರಕ್ಕೆ ಢಿಕ್ಕಿ ಹೊಡೆಯುತ್ತಿದ್ದಳು. ತೋಳ ಎದುರಿಗೆ ಬಂದರೆ ನಾನು ಹಿಂದೆ ಓಡಿಸುತ್ತಿದ್ದೆ, ಅವಳು ಗಾಳಿಗೆ ಕತ್ತಿ ಬೀಸುತ್ತಿದ್ದಳು. ಕೆಲವು ದಿನಕ್ಕೆ ಹೊಂದಿಕೆಯಾಯಿತು. ಅವಳ ಮಾತಿನಲ್ಲಿ "ನೀವು" ಹೋಗಿದ್ದು ಯಾವಾಗ ಎಂದು ನನಗೆ ತಿಳಿಯಲಿಲ್ಲ. "ನಡೀ, ನಡೀ, ನಿಂತ್ಕಬ್ಯಾಡ, ಆ ಬಂಡೆ ಹಿಂದಕ್ಕೋಗು," ಎನ್ನುತ್ತಿದ್ದವಳನ್ನು ಒಮ್ಮೆ ತಿರುಗಿ ನೋಡಿದೆ. ಅವಳು ಟಿವಿ ಬಿಟ್ಟು ಕಣ್ಣು ಕದಲಿಸಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಕೆಂಚಮ್ಮ ಒಂದು ಗುಹೆಗೆ ಹೊಕ್ಕಳು. ಒಳಗೆ ಬಿಳಿಚಿಕೊಂಡ ಹೆಂಗಸೊಬ್ಬಳಿದ್ದಳು. ಅವಳು ಕೈಯೆತ್ತಿದರೆ ಕೆಂಪು ಬೆಳಕು ಹರಿದು ಬಂದು ನಮ್ಮ ಜೀವವನ್ನು ಹೀರುತ್ತಿತ್ತು. ಹೇಗೋ ಸಾಯಿಸಿದೆವು. ಟಿವಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಏನೋ ಬಂದು ಹೋಯಿತು.

"ಅದೇನ್ ಬರ್ದಿತ್ತು ಅಲ್ಲಿ?" ಅಂದಳು ಮಂಜುಳ.

"ಯಾವ್ದೋ ಸೀಕಂತೆ. ಬುಡು, ಹೋಯ್ತದೆ."

ಹೋಗಲಿಲ್ಲ. ಆಟದಲ್ಲಿ ಕೆಲವು ದಿನ ಕಳೆದ ಮೇಲೆ ಕೆಂಚಮ್ಮ ಒಂದು ಛತ್ರದಲ್ಲಿ ಮಲಗಿ ಎದ್ದಳು. ಹೊರಗೆ ಬಂದರೆ ಬಿಸಿಲಿಗೆ ಮೈಯಿಂದ ಹೊಗೆಯಂಥದ್ದು ಏಳುತ್ತಿದೆ, ಜೀವ ಎಷ್ಟು ಉಳಿದಿದೆಯೆಂದು ಟಿವಿಯ ತಳದಲ್ಲಿ ತೋರಿಸುವ ಜೀವದ ಗೆರೆ ಇಳಿಯುತ್ತಿದೆ. ನಾವು ಗಾಬರಿಯಾಗಿ ನೆರಳಿಗೆ ಓಡಿಸಿದೆವು. ಮುಖ ತಿರುಗಿಸಿ ನೋಡಿದರೆ ಕೆನ್ನೆ ಒಳಕ್ಕೆ ಹೋಗಿ ಕಣ್ಣು ಕೆಂಡದ ಬಣ್ಣಕ್ಕೆ ತಿರುಗಿತ್ತು. ಪುಣೆಯಲ್ಲಿದ್ದ ಅನ್ಬುಗೆ ಫೋನ್ ಮಾಡಿದೆ. ಅವನು ನಕ್ಕೂ ನಕ್ಕೂ ಸಾಕಾಗಿ ಹೇಳಿದ:

"ಅಯ್ಯೋ ಮಾಪಿಳ್ಳೆ, ನಿಮ್ಮ ಕೆಂಚಮ್ಮ ರತ್ತಂ ಕುಡಿಯೋ ಪಿಶಾಚಿ ಆಯ್ತು. ಆವತ್ತೇ ಔಷಧಿ ಕುಡ್ಸಿದ್ರೆ ಇಲ್ಲಾಂದ್ರೆ ಯಾವ್ದಾದ್ರೂ ಗುಡೀಲಿ ಕೈ ಮುಗಿದಿದ್ರೆ ಹೋಗ್ತಿತ್ತು. ಈಗ ಲೇಟು."

ದಾರಿಯಲ್ಲಿ ಗುಡಿಗಳ ಮುಂದೆಯೇ ಹಾದುಬಂದಿದ್ದೆವು. ಗಂಟು ತುಂಬ ಔಷಧಿಯ ಸೀಸೆಗಳಿದ್ದವು. ನನಗೆ ಅವತ್ತು ಊಟ ಸೇರಲಿಲ್ಲ. ಓದಿದ್ದರೆ, ನಿಂತಿದ್ದರೆ, ಪ್ರೆಸ್ಸಿಗೆ ಕೈ ಹಾಕದೆ ಪೀಸನ್ನು ಕಡ್ಡಿಯಲ್ಲಿ ತಳ್ಳಿದ್ದರೆ ಎಂದೆಲ್ಲ ಒಂದಕ್ಕೊಂದು ಬೆಸೆದುಕೊಂಡು ತಲೆಯಲ್ಲಿ ಸುತ್ತುತ್ತಿತ್ತು. ಮಳೆಯಲ್ಲೇ ಹೊರಟು ಗೇಟಿನ ತನಕ ಹೋಗಿ ಬಂದೆ.

ಪಿಶಾಚಿಯಾದವಳ ಬದುಕು ಹೇಗೆ ಎಂದು ನಿಧಾನವಾಗಿ ಕಲಿತೆವು. ಹಗಲೆಲ್ಲ ಗುಹೆಯಲ್ಲೋ ಹಾಳು ಮನೆಯಲ್ಲೋ ಕಾಯಬೇಕು, ಕತ್ತಲಾದ ಮೇಲೆ ನಡೆಯಬೇಕು. ಅಂಗಡಿಗಳು ತೆರೆಯುವುದು ಹಗಲಿನಲ್ಲಿ. ಹಾಗಾಗಿ ಬಾಣ ಬೇಕೆಂದರೂ ಇಲ್ಲ, ರೊಟ್ಟಿ ಬೇಕೆಂದರೂ ಇಲ್ಲ. ಎಲ್ಲಕ್ಕಿಂತ ವಿಚಿತ್ರ ಇನ್ನೊಂದಿತ್ತು. ರಕ್ತ ಕುಡಿಯುತ್ತ ಹೋದರೆ ಮುಖ ಮನುಷ್ಯರಂತೆಯೇ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಕುಡಿಯದೆ ಹಸಿದುಕೊಂಡಿದ್ದರೆ ದಿನದಿನಕ್ಕೆ ವಿಕಾರವಾಗುತ್ತ ಹೋಗಿ, ಕೊನೆಗೆ ಕಂಡಲ್ಲಿ ಹೊಡೆಯಲು ಬರುತ್ತಾರೆ. ಕುಡಿಯಬೇಕೆಂದರೆ ಮಲಗಿರುವವರ ಹಾಸಿಗೆಯ ಪಕ್ಕಕ್ಕೆ ಮೆಲ್ಲಗೆ ಹೋಗಿ ಗುಂಡಿ ಒತ್ತಬೇಕು. ನಡೆಸುವುದು ನನ್ನ ಕೈಯಲ್ಲಿತ್ತು. ಗುಂಡಿ ಅವಳ ಕೈಯಲ್ಲಿತ್ತು.

ಒಬ್ಬ ಗಿರಣಿಯವನ ಮನೆಗೆ ನುಗ್ಗಿಸಿ ಹಾಸಿಗೆಯ ಪಕ್ಕ ನಿಲ್ಲಿಸಿದೆ.

"ಒತ್ತು," ಅಂದೆ.

"ನಾನ್ ಒತ್ತಕಿಲ್ಲ."

"ಸಾಯಕಿಲ್ಲ ಅವ್ನು. ಗೊತ್ತೂ ಆಗಕಿಲ್ಲ."

"ಗೊತ್ತಾಗ್ದಂಗೆ ಕುಡಿಯಾದು ಇನ್ನೂ ಕೆಟ್ಟದ್ದು. ನೋಡು, ಮಗ್ಗುಲಾಗೆ ಎಂಡ್ತಿ ಮಲ್ಗವ್ಳೆ. ಹೊರಗ್ ನಡ್ಸು."

ನಾನು ಅಲ್ಲೇ ನಿಲ್ಲಿಸಿದೆ, ಅವಳು ನೋಟವನ್ನು ಚಾವಣಿಗೆ ತಿರುಗಿಸಿ ಕೂತಳು. ಕೊನೆಗೆ ಹೊರಗೆ ನಡೆಸಿದೆ. ಹೀಗೇ ಹಸಿವಿನಲ್ಲಿ ಅಲೆದು, ಮೊದಲು ಹೋಗಿಬರುತ್ತಿದ್ದ ಪಟ್ಟಣವೊಂದನ್ನು ಸೇರಿದೆವು. ಅಲ್ಲಿ ಗಿಡಮೂಲಿಕೆ ಮಾರುವ ಹೆಂಗಸೊಬ್ಬಳು ಮೊದಲೆಲ್ಲ ಕೆಂಚಮ್ಮನನ್ನು ಅಕ್ಕಾ ಎಂದು ಕರೆದು ಮಾತಾಡಿಸುತ್ತಿದ್ದಳು. ಕೆಂಚಮ್ಮನನ್ನು ಕಂಡದ್ದೇ ಅವಳು ಚೀರಿಕೊಂಡು ಓಡಿದಳು. ಕಾವಲಿನವರು ಕತ್ತಿ ಹಿರಿದು ಬಂದರು. ನಾನು ಓಡಿಸುತ್ತಲೇ ಇದ್ದೆ, ಆದರೆ ಮಂಜುಳ ನೋಟ ತಿರುಗಿಸಲಿಲ್ಲ. ಅವಳು ತನ್ನ ಅರ್ಧವನ್ನು ಕೈಬಿಟ್ಟು ಎದ್ದು ಅಡುಗೆಮನೆಗೆ ಹೋದಳು. ಕೆಂಚಮ್ಮ ಸತ್ತಳು, ಆಟ ಹಳೆಯ ಜಾಗಕ್ಕೆ ವಾಪಸ್ಸು ಹೋಯಿತು. ಒಳಗೆ ನಲ್ಲಿ ಬಹಳ ಹೊತ್ತು ಹರಿಯಿತು.

"ಏನೂ ಮಾಡ್ದೆ ಇದ್ದಿದ್ಕೆ ಹಿಂಗೆ ಓಡ್ಸಾಡ್ತಾರಲ್ಲ," ಅಂದಳು ವಾಪಸ್ಸು ಬಂದು. ಕಣ್ಣು ಕೆಂಪಾಗಿತ್ತು. ಮತ್ತೆ ನನ್ನ ಬಲಮಗ್ಗುಲಲ್ಲಿ ಕೂತು, "ಕಳ್ರ ಬೀಡು ಐತಲ್ಲ ಬೆಟ್ಟದ್ ಮ್ಯಾಲೆ, ಅಲ್ಗೆ ನಡ್ಸು. ಅವರ್ಗಾದ್ರೆ ಒತ್ತುತೀನಿ," ಅಂದಳು.

ಮೊದಲ ಸಲ ಕಣ್ಣು ಮುಚ್ಚಿ ಒತ್ತಿದಳು. ಕೆಂಚಮ್ಮನ ಕೆನ್ನೆ ತುಂಬಿಕೊಂಡಿತು. ಕಣ್ಣು ತೆಗೆದು ನೋಡಿ, "ಪರವಾಗಿಲ್ಲ, ಮನುಸ್ರ ಥರ ಅವ್ಳೆ," ಎಂದು ನಿಟ್ಟುಸಿರು ಬಿಟ್ಟಳು.

ಆ ದಿನಗಳಲ್ಲೇ ಅವಳ ಅಪ್ಪ ವೆಂಕಟಪ್ಪ ಕೆಲಮಂಗಲದಿಂದ ಕೋಸು, ಟೊಮೇಟೊ ತುಂಬಿದ ಚೀಲ ಹೊತ್ತುಕೊಂಡು ಬಂದರು. ಟಿವಿಯಲ್ಲಿ ಕೆಂಚಮ್ಮ ಹಾಳು ಕೋಟೆಯೊಂದರಲ್ಲಿ ಸೂರ್ಯ ಮುಳುಗುವುದನ್ನು ಕಾಯುತ್ತ ನಿಂತಿದ್ದಳು.

"ಇದೇನವ್ವಾ, ದೆವ್ವ ಸಾಕ್ಕಂಡಿದೀರಾ?"

"ಅಜ್ಜಿ ಹೆಸ್ರು ಮಡಗಿದೀನಿ ಕಣಪ್ಪ."

ಅವರು ಬಗ್ಗಿ ನೋಡಿದರು. "ನಮ್ಮವ್ವನ್ ಕಣ್ಣು ಇಷ್ಟು ಕೆಂಪಗಿರ್ಲಿಲ್ಲ," ಅಂದು, ಯೋಚಿಸಿ, "ಸಿಟ್ಟು ಬಂದಾಗ ಇದ್ರೂ ಇತ್ತು," ಅಂದರು. ಊಟವಾದ ಮೇಲೆ ನನ್ನ ಕಡೆ ನೋಡದೆ ಮಗಳಿಗೆ ಹೇಳಿದರು: "ಒಂದೆಲ್ಡ್ ತಿಂಗ್ಳು ಊರಿಗ್ ಬಂದಿರು. ಇವ್ರಿಗೂ ಒಂದ್ ದಾರಿ ಆಗ್ಲಿ."

ನಾನೇ ಹೇಳಿದೆ, "ಕರ್ಕೊಂಡೋಗಿ ಮಾವ. ಇಲ್ಲಿದ್ದು ಏನ್ ಮಾಡ್ತಾಳೆ?" ಹೇಳುವಾಗ ಅದು ಉಪಕಾರದಂತೆ ಕೇಳಲಿ ಎಂದುಕೊಂಡಿದ್ದೆ. ಕೋಪದಂತೆ ಕೇಳಿಸಿತು.

ಮಂಜುಳ ಚೀಲದಿಂದ ಕೋಸು ತೆಗೆದು ಮೂಲೆಗೆ ಜೋಡಿಸುತ್ತಿದ್ದಳು. "ನಾನು ಬರಕಿಲ್ಲಪ್ಪ. ಇವ್ನೊಬ್ನೇ ನಡ್ಸಕ್ಕಾಗಕಿಲ್ಲ," ಅಂದಳು. ಅವರು ಏನು ತಿಳಿದುಕೊಂಡರೋ, ಸಂಜೆಯ ಬಸ್ಸಿಗೆ ಹೋದರು.

ಕಾರ್ತಿಕದ ಕೊನೆಗೆ ಬ್ಯಾಂಡೇಜು ತೆಗೆದರು. ಚರ್ಮ ಎಳೆಯದಾಗಿ ಹೊಳೆಯುತ್ತಿತ್ತು. ಉಳಿದ ಬೆರಳುಗಳನ್ನು ಆಡಿಸುತ್ತಿರಬೇಕು ಎಂದು ಡಾಕ್ಟರು ಹೇಳಿದರು. ಹೆಬ್ಬೆರಳು ಈಗ ಕಡ್ಡಿ ತಿರುಗಿಸಬಲ್ಲದಾಗಿತ್ತು, ಕಷ್ಟಪಟ್ಟರೆ ಇಡೀ ಕಂಟ್ರೋಲರ್ ನಾನೇ ಹಿಡಿಯಬಹುದಿತ್ತು. ಅದನ್ನು ನಾನು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಮಧ್ಯಾಹ್ನದ ಪಾತ್ರೆ ತೊಳೆದು ಸೆರಗಿಗೆ ಕೈ ಒರೆಸಿಕೊಂಡು ಬಲಮಗ್ಗುಲಿಗೆ ಬಂದು ಕೂರುತ್ತಿದ್ದಳು.

ಆಟದಲ್ಲಿ ಜೌಗು ಪ್ರದೇಶದ ಒಬ್ಬ ಮುದುಕ ಪಿಶಾಚಿತನ ಬಿಡಿಸಬಲ್ಲ ಎಂದು ತಿಳಿಯಿತು. ಹುಡುಕಿಕೊಂಡು ಹೋದೆವು. ಅವನು ಕೇಳಿದ್ದು ಒಂದು ಕಪ್ಪು ಕಲ್ಲು. ಬರೀ ಕಲ್ಲಲ್ಲ, ಮನುಷ್ಯನೊಬ್ಬನನ್ನು ಕೊಂದು ಅವನ ಉಸಿರನ್ನು ಅದರೊಳಗೆ ತುಂಬಿ ತರಬೇಕು. ಪ್ರಾಣಿಯದು ನಡೆಯುವುದಿಲ್ಲ. ತಂದರೆ ಬೆಳಗಿನ ಜಾವ ಕಲ್ಲುಗಳ ವೃತ್ತದಲ್ಲಿ ನಿಲ್ಲಿಸಿ ಮಂತ್ರ ಹಾಕುತ್ತಾನೆ. ಖಾಲಿ ಕಲ್ಲೊಂದನ್ನು ಸಂಪಾದಿಸಿಕೊಂಡೆವು.

ಅದಾದ ಮಾರನೆಯ ದಿನ, ಸೂಪರ್‌ವೈಸರ್ ಬಾಲು ಸೇಬಿನ ಹಣ್ಣು ಹಿಡಿದುಕೊಂಡು ಮನೆಗೆ ಬಂದರು. ಅವರು ಕೆಟ್ಟವರೆಂದು ನನಗೆ ಅವತ್ತಿನ ತನಕ ಅನ್ನಿಸಿರಲಿಲ್ಲ, ಆಮೇಲೂ ಪೂರ್ತಿ ಅನ್ನಿಸಲಿಲ್ಲ. ನನ್ನ ಮದುವೆಗೆ ಬಂದಿದ್ದವರು. ಕುರ್ಚಿಯ ತುದಿಯಲ್ಲಿ ಕೂತು ಕರ್ಚೀಫು ಮಡಚುತ್ತ ತೆಗೆಯುತ್ತ ಮಾತಾಡಿದರು.

"ಮುನಿರಾಜು, ಎನ್‌ಕ್ವೈರಿ ಇಟ್ಟವ್ರೆ. ಸೇಫ್ಟಿ ಲೈಟ್ ಯಾರ್ ಆಫ್ ಮಾಡಿದ್ದು ಅಂತ ಕೇಳ್ತಾರೆ."

ನಾನು ಅವರ ಮುಖ ನೋಡಿದೆ. ಅವರು ಸೇಬಿನ ಕವರು ನೋಡಿದರು.

"ತಪನ್ ಸ್ವಿಚ್ ಮುಟ್ಟಿದ್ದನ್ನ ಎಲ್ರೂ ನೋಡವ್ರೆ. ಅವ್ನೇ ಆಫ್ ಮಾಡಿದ್ದ ಅಂತ ಒಂದ್ ಮಾತು ಹೇಳ್ಬುಡು. ಅವ್ನು ಕಾಂಟ್ರಾಕ್ಟ್ ಆಳು. ಇಲ್ಲಿಲ್ಲಾಂದ್ರೆ ಇನ್ನೊಂದ್ ಕಂಪ್ನಿ. ನಿನ್ಗೆ ಸ್ಟೋರ್ಸ್‌ನಾಗೆ ಕೂತ್ಕಂಡ್ ಮಾಡೋ ಪರ್ಮನೆಂಟ್ ಕೆಲ್ಸ, ಮೇಲಿನೋರ್ ಹತ್ರ ಮಾತಾಡಿದೀನಿ. ನನ್ಗೂ ಇಬ್ರು ಹೆಣ್ಮಕ್ಳು ಅವ್ರೆ, ಗೊತ್ತಲ್ಲ."

ಯೋಚಿಸುತ್ತೇನೆ ಎಂದೆ. ಅವರು ಹೋದ ಮೇಲೆ ಮಂಜುಳ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಇವ್ರೂ ಕಲ್ಲಿಗೆ ತುಂಬ್ಸಕ್ಕೆ ಆಳು ಹುಡುಕ್ತಾವ್ರೆ," ಅಂದಳು.

ನನಗೆ ರೇಗಿತು. "ನಿನ್ಗೇನ್ ಗೊತ್ತು? ಈ ಕೈ ಇಟ್ಕಂಡು ಯಾವ್ ಕಂಪ್ನಿ ಗೇಟಿಗೋಗಿ ನಿಂತ್ಕಳ್ಲಿ? ನಿಮ್ಮಪ್ಪನ್ ಮನೇಲಿ ಕೂತು ತಿನ್ನನಾ?"

ಅವಳು ಸೇಬಿನ ಕವರು ಎತ್ತಿಕೊಂಡು ಒಳಗೆ ಹೋದಳು. ತಿರುಗಿ ಮಾತಾಡಿದ್ದರೆ ಜಗಳವಾಗಿ ಮುಗಿಯುತ್ತಿತ್ತು. ನಾನು ಹೊರಟೆ. ಜಿಟಿಜಿಟಿ ಮಳೆಯಲ್ಲಿ ಗೇಟಿನ ತನಕ, ಗೇಟಿನಿಂದ ಹೆದ್ದಾರಿಯ ತನಕ, ಹೆದ್ದಾರಿಯಲ್ಲಿ ಲಾರಿಗಳು ಹಾರಿಸುವ ಕೆಸರಿನಲ್ಲಿ ಸುಮ್ಮನೆ. ಸ್ಟೋರ್ಸಿನ ಕುರ್ಚಿ ಕಣ್ಣಿಗೆ ಕಟ್ಟುತ್ತಿತ್ತು. ಒಣಗಿದ ನೆಲ, ಫ್ಯಾನು, ಚೀಟಿ ನೋಡಿ ಸಾಮಾನು ಕೊಡುವ ಕೆಲಸ. ನನಗೆ ಅದು ಬೇಕಿತ್ತು. ಬಹಳ ಬೇಕಿತ್ತು.

ವಾರದ ರಜೆಯ ದಿನ ತಪನ್ ಬಾಳೆಹಣ್ಣು ತೆಗೆದುಕೊಂಡು ಬಂದ. ಅವನು ಮೂರು ಭಾಷೆ ಬೆರೆಸಿ ಮಾತಾಡುತ್ತಿದ್ದ. ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ. ಅಪಘಾತವಾದ ಮೇಲೆ ಹಾಗೆ ಮುಚ್ಚುಮರೆಯಿಲ್ಲದೆ ಅದನ್ನು ನೋಡಿದವನು ಅವನೊಬ್ಬನೇ.

"ಅಚ್ಛಾ ಆಯ್ತು, ಭಾಯ್. ಹೆಬ್ಬೆರಳು ಇದೆ. ಹೆಬ್ಬೆರಳು ಇದ್ರೆ ಎಲ್ಲಾ ಹಿಡೀಬಹುದು. ಅವತ್ತು ನಾನು ಸ್ವಿಚ್ ಹುಡುಕೋದು ಸ್ವಲ್ಪ ಲೇಟ್ ಆಯ್ತು. ರೋಜ್ ಅದೇ ಯೋಚನೆ ಬರ್ತದೆ. ಜಲ್ದಿ ಆಗಿದ್ರೆ ಒಂದು ಬೆರಳು ಉಳೀತಿತ್ತಾ ಅಂತ."

ನಾನು ಕೈ ಹಿಂದಕ್ಕೆಳೆದುಕೊಂಡೆ. ಮಂಜುಳ ಅವನಿಗೆ ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಮುದ್ದೆಯನ್ನು ಅಗಿಯಲು ಹೋದ. ನುಂಗಬೇಕು ಎಂದು ಅವಳು ತೋರಿಸಿಕೊಟ್ಟಳು. ಅವನು ನಗುತ್ತ ಒದ್ದಾಡಿದ. ಅವನಿಗೆ ಏನೂ ಗೊತ್ತಿರಲಿಲ್ಲ.

ಎನ್‌ಕ್ವೈರಿಯ ದಿನ ಬೆಳಗ್ಗೆ ನಾನು ಏನು ಹೇಳುತ್ತೇನೆಂದು ನನಗೇ ತಿಳಿದಿರಲಿಲ್ಲ. ಮಂಜುಳ ಇಸ್ತ್ರಿ ಮಾಡಿದ ಷರಟಿನ ಗುಂಡಿ ಹಾಕಿದಳು. ಮೇಲಂತಸ್ತಿನ ತಣ್ಣನೆಯ ಕೋಣೆಯಲ್ಲಿ ಮೇಜಿನಾಚೆ ಮ್ಯಾನೇಜರುಗಳು, ಮೂಲೆಯಲ್ಲಿ ಬಾಲು. ಬಾಗಿಲ ಹೊರಗೆ ಬೆಂಚಿನ ಮೇಲೆ ತಪನ್ ಕೂತಿದ್ದ. ಯಾಕೆ ಕರೆಸಿದ್ದಾರೆಂದು ತಿಳಿಯದೆ, ನನ್ನನ್ನು ಕಂಡು ಸಮಾಧಾನದಿಂದ ತಲೆಯಾಡಿಸಿದ. ತಮಿಳಿನಲ್ಲಿ ಕೇಳಿದರು. ನಾನು ಕನ್ನಡ ಬೆರೆತ ತಮಿಳಿನಲ್ಲಿ ಹೇಳಿದೆ.

"ತಪನ್ ಸ್ವಿಚ್ ಮುಟ್ಟಿದ್ದು ನೋಡಿದಿರಾ?"

"ನೋಡಿದೆ ಸಾರ್."

ಮೂಲೆಯಲ್ಲಿ ಬಾಲು ಉಸಿರು ಬಿಟ್ಟದ್ದು ಕೇಳಿಸಿತು. ಜೇಬಿನಲ್ಲಿದ್ದ ಕೈಯನ್ನು ತೆಗೆದು ಮೇಜಿನ ಮೇಲಿಟ್ಟೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ, ಜೇಬಿನೊಳಗೆ ಅದು ಬೆವರಿತ್ತು.

"ಕೈ ಸಿಕ್ಕಾಕೊಂಡ ಮೇಲೆ ಮುಟ್ಟಿದ್ದು ಸಾರ್. ಅವನು ಮೇನ್ ಆಫ್ ಮಾಡಿದ್ದಕ್ಕೇ ಇಷ್ಟಾದರೂ ಉಳಿದಿರೋದು. ಸೇಫ್ಟಿ ಲೈಟು ಎಲ್ಲ ಶಿಫ್ಟಲ್ಲೂ ಆಫ್ ಮಾಡಿಯೇ ಓಡಿಸ್ತೀವಿ. ಅದರ ಕೀ ತಪನ್ ಹತ್ರ ಯಾವತ್ತೂ ಇರಲಿಲ್ಲ."

"ಮತ್ತೆ ಯಾರ ಹತ್ತಿರ?"

"ಸೂಪರ್‌ವೈಸರ್ ಡ್ರಾಯರಲ್ಲಿ."

ಯಾರೂ ಜೋರು ಮಾಡಲಿಲ್ಲ. ಬರೆದುಕೊಂಡರು, ಹೋಗಿ ಬನ್ನಿ ಎಂದರು. ಬಾಲು ಅವರನ್ನು ಕೆಲವು ತಿಂಗಳ ಮೇಲೆ ಬೇರೆ ಯೂನಿಟ್ಟಿಗೆ ಹಾಕಿದರೆಂದು ಕೇಳಿದೆ. ಪ್ರೆಸ್ಸುಗಳ ಕೀಯನ್ನು ಮೇಲಿನ ಆಫೀಸಿನಲ್ಲಿ ಬೀಗ ಹಾಕಿ ಇಡತೊಡಗಿದರಂತೆ. ತಪನ್ ಉಳಿದುಕೊಂಡ. ಸ್ಟೋರ್ಸಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಪ್ಯಾಕಿಂಗಿನಲ್ಲಿ ದಿನಗೂಲಿಯಂತೆ ಬರಬಹುದು ಎಂದರು. ಸ್ವಲ್ಪ ದಿನ ಹೋದೆ, ಬಿಟ್ಟೆ. ಆಮೇಲೆ ಕೆಲಮಂಗಲದ ಹತ್ತಿರ ಗುಲಾಬಿ ಹೂವು ಕಟ್ಟಿ ಕಳಿಸುವ ಶೆಡ್ಡೊಂದರಲ್ಲಿ ಮೋಟಾರು, ಪಂಪು, ತಣ್ಣನೆ ಕೋಣೆಯ ಯಂತ್ರ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಇಂದಿಗೂ ಅಲ್ಲೇ ಇದ್ದೇನೆ. ಹೆಬ್ಬೆರಳು ಮತ್ತು ಉಳಿದೆರಡು ಬೆರಳಲ್ಲಿ ಸ್ಪ್ಯಾನರ್ ಹಿಡಿಯುತ್ತೇನೆ.

ಅವತ್ತು ಆಫೀಸಿನಿಂದ ಮನೆಗೆ ಬಂದು ಹೇಳಿದಾಗ ಮಂಜುಳ, "ಸರಿ, ಕೈ ತೊಳ್ಕೋ," ಎಂದು ತಟ್ಟೆ ಹಾಕಿದಳು. ನನ್ನ ಪಕ್ಕ ಕೂತು ತುತ್ತು ಕಲೆಸಿ ಇಟ್ಟಳು. ನಾನು ತಟ್ಟೆ ಎಳೆದುಕೊಳ್ಳಲಿಲ್ಲ.

ಪೊಂಗಲ್ ಹತ್ತಿರ ಬಂತು. ಅನ್ಬು ಫೋನ್ ಮಾಡಿ ನಾಳೆ ಬಂದು ಪೆಟ್ಟಿಗೆ ಒಯ್ಯುತ್ತೇನೆ ಎಂದ. ಕೆಂಚಮ್ಮ ಇನ್ನೂ ಪಿಶಾಚಿಯಾಗಿಯೇ ಇದ್ದಳು, ಕಪ್ಪು ಕಲ್ಲು ಖಾಲಿಯಿತ್ತು. ಅಂದು ಮಧ್ಯಾಹ್ನ ಊಟ ಮುಗಿಸಿದ್ದೇ ಇಬ್ಬರೂ ಟಿವಿಯ ಮುಂದೆ ಕೂತೆವು. ನಮ್ಮ ಹಳೆಯ ಕಳ್ಳರ ಬೀಡಿಗೆ ನಡೆಸಿದೆ. ಕಾವಲಿಗಿದ್ದ ಒಬ್ಬ ಬೆಂಕಿಯ ಮುಂದೆ ಕೈ ಕಾಯಿಸಿಕೊಳ್ಳುತ್ತ ನಿಂತಿದ್ದ. ಅವನ ಹಿಂದೆ ನಿಲ್ಲಿಸಿದೆ. ನನ್ನ ಹೆಬ್ಬೆರಳು ಮುಂದೆ ಹೋಗಲಿಲ್ಲ.

"ಯಾಕ್ ನಿಂತೆ?"

"ಇವ್ನು ನಮ್ಗೇನ್ ಮಾಡವ್ನೆ ಅಂತ. ಇವ್ನ ಉಸಿರು ತಗಂಡು ನಾವ್ ವಾಸಿಯಾಗದು..."

ಮಂಜುಳ ನನ್ನ ಕಡೆ ತಿರುಗಿ, ನನಗೆ ಜ್ವರವೇನಾದರೂ ಬಂದಿದೆಯಾ ಎಂಬಂತೆ ನೋಡಿದಳು.

"ತಪನ್ ಅನ್ಕಂಡಾ? ಇವ್ನು ಟಿವಿನಾಗಿರೋನು ಕಣೋ. ಸ್ವಿಚ್ ಆಫ್ ಮಾಡಿದ್ರೆ ಇರಕಿಲ್ಲ. ತಪನ್ ಮುದ್ದೆ ಉಂಡೋನು. ಸುಮ್ಕೆ ನಡೀ."

ನಡೆಸಿದೆ. ಅವಳು ಒತ್ತಿದಳು. ಕಲ್ಲು ತುಂಬಿತು. ಜೌಗಿನ ಮುದುಕನ ಬಳಿಗೆ ಹೋಗುವಷ್ಟರಲ್ಲಿ ಆಟದಲ್ಲಿ ಬೆಳಗಿನ ಜಾವವಾಗಿತ್ತು. ಅವನು ಕೆಂಚಮ್ಮನನ್ನು ಕಲ್ಲುಗಳ ನಡುವೆ ನಿಲ್ಲಿಸಿ ಏನೇನೋ ಹೇಳಿದ. ಟಿವಿ ಕಪ್ಪಾಗಿ, ಮತ್ತೆ ಬೆಳಗಾಯಿತು. ಬೆಟ್ಟದ ಹಿಂದಿನಿಂದ ಬಿಸಿಲು ಬಂದು ಜೌಗಿನ ಮೇಲೆ ಬಿತ್ತು. ನಾವಿಬ್ಬರೂ ಜೀವದ ಗೆರೆಯನ್ನೇ ನೋಡುತ್ತಿದ್ದೆವು. ಅದು ಇಳಿಯಲಿಲ್ಲ.

ಮಂಜುಳ ತನ್ನ ಕಡ್ಡಿಯನ್ನು ಮೆಲ್ಲಗೆ ಮೇಲಕ್ಕೆ ಒತ್ತಿದಳು. ಟಿವಿಯಲ್ಲಿ ನೆಲ ಹೋಯಿತು, ಮರಗಳು ಹೋದವು, ಬರೀ ಆಕಾಶ ಉಳಿಯಿತು, ನಟ್ಟನಡುವೆ ಸೂರ್ಯ.

"ಕೆಳಗೆ ನೋಡೇ, ದಾರಿ ಕಾಣಕಿಲ್ಲ," ಅಂದೆ.

"ಇರ್ಲಿ. ನೀನ್ ನಡೀ."

ಮುಂದೆ ನೀರಿದೆಯೋ ಕಲ್ಲಿದೆಯೋ ನನಗೆ ಗೊತ್ತಿರಲಿಲ್ಲ. ಅವಳು ಆಕಾಶದಿಂದ ಕಣ್ಣು ಇಳಿಸಲಿಲ್ಲ. ನಾನು ನಡೆಸುತ್ತ ಹೋದೆ.